ಇಂಗ್ಲೆಂಡಿನಲ್ಲಿ ಬಿಟ್ಟ ಗಂಡನನ್ನು ಮೈಸೂರಿನಲ್ಲಿ ಬಿಡಿಸಿದ್ದು

ಕೋರ್ಟಿನ ಹೊಸಿಲು ದಾಟಿದ ಮೇಲೆ ಎಷ್ಟು ಸಾಧು ಕೆಲಸವಾದರೂ ಸುಮ್ಮನೆ ಮುಗಿಯುವುದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ಇದನ್ನು ನಾನಲ್ಲದೆ ಇನ್ಯಾರು ಹೇಳಬೇಕು? ಮೂವತ್ತೆರಡು ವರ್ಷ ಅಲ್ಲಿ ದಲಾಯತನಾಗಿದ್ದವನು ನಾನು. ದಲಾಯತ ಅಂದರೆ ಜಡ್ಜು ಸಾಹೇಬರ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವ ಜವಾನ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಗೋಡೆಗೆ ಅಂಟಿಸುತ್ತಿದ್ದ ಕೇಸಿನ ಪಟ್ಟಿ ನೋಡಿ. ಹಾಗಾಗಿ ನನಗೆ ಮೊಟ್ಟಮೊದಲು ಓದಲು ಬಂದ ಪದ ಅಮ್ಮ ಅಲ್ಲ, ಅಪ್ಪ ಅಲ್ಲ, ‘ಮುಂದೂಡಲಾಗಿದೆ’.

ಮೈಸೂರಿನ ನಮ್ಮ ಕುಂಬಾರಕೊಪ್ಪಲಿನಲ್ಲಿ ಯಾರ ಮನೆಯಲ್ಲಿ ವ್ಯಾಜ್ಯವಾದರೂ ನನ್ನ ಜಗಲಿಗೇ ಬರುತ್ತಾರೆ. ಅರ್ಧ ಜಡ್ಜು ಅಂತಲೇ ನನ್ನ ಹೆಸರು. ಉಳಿದರ್ಧ ಯಾರು ಅಂತ ಯಾರಾದರೂ ಕೇಳಿದರೆ ನನ್ನ ಹೆಂಡತಿ ಒಳಗಿನಿಂದಲೇ, “ನಾನು ಕಣ್ರೀ” ಅನ್ನುತ್ತಾಳೆ. ಊರಿನವರ ಕೇಸನ್ನೆಲ್ಲ ಕಾಫಿ ಕುಡಿದಷ್ಟು ಸಲೀಸಾಗಿ ಬಗೆಹರಿಸಿದ ನನಗೆ ನನ್ನ ಸ್ವಂತ ಮಗಳ ಕೇಸು ಮಾಡಿದ ಗತಿ ಮಾತ್ರ ಶತ್ರುವಿಗೂ ಬೇಡ. ಹೇಳುವುದಕ್ಕೂ ಈಗ ಆಯಾಸ.

ಒಂದೇ ಹಾಳೆ

ನನ್ನ ಮಗಳು ನರ್ಸು. ಮದುವೆಯಾಗಿ ಗಂಡನ ಜೊತೆ ಇಂಗ್ಲೆಂಡಿಗೆ ಹೋಗಿದ್ದಳು. ಅವನು ಸರಸ್ವತಿಪುರಂ ಹುಡುಗ, ಅಲ್ಲಿ ಒಂದು ಹೋಟೆಲಿನಲ್ಲಿ ಅಡುಗೆಯವನು. ಇಬ್ಬರೂ ಒಳ್ಳೆಯವರೇ. ಆದರೆ ಇವಳಿಗೆ ಆಸ್ಪತ್ರೆಯಲ್ಲಿ ಒಂದು ಪಾಳಿ, ಅವನಿಗೆ ಹೋಟೆಲಿನಲ್ಲಿ ಇನ್ನೊಂದು ಪಾಳಿ. ಅವನು ಬರುವಾಗ ಇವಳು ಹೊರಡುವುದು. ನಾಲ್ಕು ವರ್ಷ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಸಂಸಾರ ಮಾಡಿದರು. ಕೊನೆಗೆ ಬಿಡೋಣವೇ ಅಂತ ಒಬ್ಬರು ಚೀಟಿ ಅಂಟಿಸಿದರಂತೆ, ಆಗಲಿ ಅಂತ ಇನ್ನೊಬ್ಬರು ಕೆಳಗೆ ಬರೆದರಂತೆ. ಅಷ್ಟೇ. ಆಮೇಲೆ ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ ಮೈಸೂರಿಗೇ ವಾಪಸು ಬಂದರು. ಅವನು ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ಲುಗಳ ಸಾಲಿನಲ್ಲಿ ಒಂದು ಮೆಸ್ಸು ಹಾಕಿದ. ಇವಳು ಇಲ್ಲೇ ಒಂದು ಆಸ್ಪತ್ರೆ ಸೇರಿದಳು.

ಬಂದವಳು ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. “ಇದೇ ಕಣಪ್ಪ ಡಿವೋರ್ಸು.”

ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದೇ ಹಾಳೆ. ನಮ್ಮಲ್ಲಿ ಎಮ್ಮೆ ಬೇಲಿ ಹಾರಿದ ಕೇಸಿನ ಕಟ್ಟನ್ನು ಹೊರಲು ಇಬ್ಬರು ಆಳು ಬೇಕಿತ್ತು. ಒಂದು ಸಲ ಅದನ್ನು ನಾನೊಬ್ಬನೇ ತಲೆಯ ಮೇಲೆ ಹೊತ್ತು ಮೂರು ಮಹಡಿ ಹತ್ತಿದ್ದೆ, ಅದು ಬೇರೆ ಮಾತು.

“ಜಡ್ಜು ಏನಂದ್ರು?” ಅಂದೆ.

“ಜಡ್ಜನ್ನ ನಾವು ನೋಡೇ ಇಲ್ಲಪ್ಪ. ಇಬ್ಬರೂ ಸೇರಿ ಕಂಪ್ಯೂಟರಲ್ಲಿ ಅರ್ಜಿ ಹಾಕಿದ್ವಿ. ಕಂಪ್ಯೂಟರಲ್ಲೇ ಬಂತು.”

“ಹೆಸರು ಕೂಗಿದೋರು ಯಾರು?”

“ಯಾರೂ ಕೂಗ್ಲಿಲ್ಲ.”

ಕೂಗದೆ ಆದ ವಿಚ್ಛೇದನ ಎಂಥ ವಿಚ್ಛೇದನ? ನನ್ನ ಹೆಂಡತಿ ಕಾಗದವನ್ನು ಕಿತ್ತುಕೊಂಡು ನೋಡಿ, “ನಮ್ಮನೆ ಕರೆಂಟು ಬಿಲ್ಲೇ ಇದಕ್ಕಿಂತ ಉದ್ದ ಇರತ್ತೆ ಕಣೇ” ಅಂದಳು.

ಒಂದು ವರ್ಷ ಅದು ಬೀರುವಿನಲ್ಲೇ ಇತ್ತು. ಆಮೇಲೆ ಜಯಲಕ್ಷ್ಮಿಪುರಂನಿಂದ ಒಂದು ಸಂಬಂಧ ಬಂತು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಹೆಂಡತಿ ತೀರಿಹೋಗಿದ್ದಾಳೆ, ಬಹಳ ಮೆತ್ತಗಿನ ಮನುಷ್ಯ. ಬೇರೆಯವರು ಜೋರಾಗಿ ಕೆಮ್ಮಿದರೂ ತಾವೇ ಕ್ಷಮಿಸಿ ಅನ್ನುವಂಥವರು. ಮಗಳಿಗೂ ಒಪ್ಪಿಗೆಯಾಯಿತು. ಎಷ್ಟೋ ದಿನದ ಮೇಲೆ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚಿಗೆ ನಿಂತದ್ದನ್ನು ನನ್ನ ಹೆಂಡತಿ ನನಗೆ ಕಣ್ಸನ್ನೆಯಲ್ಲಿ ತೋರಿಸಿದಳು.

ಆದರೆ ಅವರನ್ನು ಸಾಕಿ ಬೆಳೆಸಿದ ಅಕ್ಕ ಗಟ್ಟಿಗಿತ್ತಿ. ಕಾಗದ ನೋಡಿ, “ಇಂಗ್ಲೆಂಡಿನ ಕಾಗದ ಇಂಗ್ಲೆಂಡಿಗಾಯ್ತು ಯಜಮಾನರೇ. ನಾಳೆ ಹಳೇ ಗಂಡ ಬಂದು ಇವಳಿನ್ನೂ ನನ್ನ ಹೆಂಡ್ತಿ ಅಂದ್ರೆ ನನ್ನ ತಮ್ಮ ಜೈಲಿಗೆ ಹೋಗ್ಬೇಕಾ? ನಮ್ಮ ಮೈಸೂರು ಕೋರ್ಟು ಹೌದು ಅನ್ನಲಿ, ಅವತ್ತೇ ತಾಳಿ ಮಾಡಿಸ್ತೀನಿ” ಅಂದರು.

“ಅಷ್ಟೇ ತಾನೇ ತಾಯಿ? ಒಂದು ವಾರ ಕೊಡಿ” ಅಂದೆ.

“ಒಂದೇ ವಾರಾನಾ?”

“ಹೆಚ್ಚಂದ್ರೆ ಎಂಟು ದಿನ. ಆ ಕೋರ್ಟಿನ ಕಂಬಗಳಿಗೂ ನನ್ನ ಪರಿಚಯ ಇದೆ.”

ಆ ಎಂಟನೆಯ ದಿನ ಬಂದದ್ದು ಎರಡೂವರೆ ವರ್ಷದ ಮೇಲೆ.

ಹತ್ತಿದರೆ ಒಂಟಿ, ಇಳಿದರೆ ಜೋಡಿ

ನನಗೆ ಪರಿಚಯದ ಒಬ್ಬ ಲಾಯರಮ್ಮ ಇದ್ದಾರೆ. ಅವರು ಹೊಸದಾಗಿ ಕರೀ ಕೋಟು ಹಾಕಿಕೊಂಡು ಬಂದಾಗ ಯಾವ ಬಾಗಿಲಲ್ಲಿ ಒಳಗೆ ಹೋಗಬೇಕು ಅಂತ ತೋರಿಸಿದವನೇ ನಾನು. ಅಲ್ಲಿಂದ ಮುಂದಿನದನ್ನೆಲ್ಲ ಅವರೇ ಕಲಿತರು ಅನ್ನಿ. ನಾನು, ನನ್ನ ಹೆಂಡತಿ, ಮಗಳು ಮೂವರೂ ಹೋಗಿ ಕೂತೆವು.

ಲಾಯರಮ್ಮ ಹಾಳೆ ಓದಿ, “ಇದರಲ್ಲಿ ಕಾರಣ ಎಲ್ಲಿದೆ?” ಅಂದರು.

“ಮದುವೆ ಮುರಿದುಬಿದ್ದಿದೆ ಅಂತ ಇದೆಯಲ್ಲ ಮೇಡಂ” ಅಂದಳು ಮಗಳು.

“ಅಲ್ಲಿಗೆ ಅಷ್ಟು ಸಾಕು. ನಮ್ಮ ಕಾನೂನಿಗೆ ಸಾಲದು. ಹೊಡೆದ, ಬಿಟ್ಟುಹೋದ, ಬೇರೆಯವಳನ್ನ ಇಟ್ಕೊಂಡ, ಏನಾದ್ರೂ ಇರಬೇಕು. ಇಲ್ಲಾ ಇಬ್ಬರೂ ಒಪ್ಪಿ ಬಿಟ್ಟಿದ್ದು ಅಂತ ತೋರಿಸಬೇಕು.”

“ಇಷ್ಟಕ್ಕೆಲ್ಲ ಯಾಕೆ ತಲೆನೋವು? ಇಲ್ಲೇ ಇನ್ನೊಂದು ವಿಚ್ಛೇದನ ತಗೊಂಡ್ಬುಡೋಣ” ಅಂತ ನಾನು ದಾರಿ ತೋರಿಸಿದೆ.

“ವಿಚ್ಛೇದನ ಕೇಳಬೇಕಾದ್ರೆ ಮದುವೆ ಇನ್ನೂ ಇದೆ ಅಂತ ಹೇಳಬೇಕು. ಇವರು ಅಲ್ಲಿ ಬಿಟ್ಟಾಗಿದೆಯಲ್ಲ.”

“ಬಿಟ್ಟಾಗಿದ್ರೆ ಕೇಸು ಯಾಕೆ ಹಾಕ್ಬೇಕು?”

“ಇಲ್ಲಿ ಬಿಟ್ಟಿಲ್ವಲ್ಲ ಯಜಮಾನರೇ.”

ನನ್ನ ಹೆಂಡತಿ ನಡುವೆ ಬಾಯಿಹಾಕಿದಳು. “ಅಂದ್ರೆ ನನ್ನ ಮಗಳು ವಿಮಾನ ಹತ್ತಿದ್ರೆ ಒಂಟಿ, ಇಳಿದ್ರೆ ಮುತ್ತೈದೆ. ಹಂಗೇನಮ್ಮ?”

ಲಾಯರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಲಾ ಕಾಲೇಜಲ್ಲಿ ಒಂದು ವರ್ಷ ಪಾಠ ಮಾಡಿದ್ರೂ ನಮ್ಮ ಮೇಷ್ಟ್ರು ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಅಮ್ಮ.”

ರಾಜಮುದ್ರೆ

ಕೊನೆಗೆ ತೀರ್ಮಾನವಾದದ್ದು ಇಷ್ಟು. ಇಂಗ್ಲೆಂಡಿನ ಡಿಕ್ರಿ ಇಲ್ಲಿಯೂ ಸಲ್ಲುತ್ತದೆ ಅಂತ ಘೋಷಿಸಿ ಎಂದು ಕುಟುಂಬ ನ್ಯಾಯಾಲಯದಲ್ಲಿ ಕೇಳುವುದು. ಹಳೇ ಅಳಿಯನನ್ನು ಪ್ರತಿವಾದಿ ಮಾಡುವುದು. ಅವನು ಬಂದು, ಹೌದು ಇಬ್ಬರೂ ಒಪ್ಪಿಯೇ ಅರ್ಜಿ ಹಾಕಿದ್ದೆವು ಅನ್ನುವುದು. ಅದಕ್ಕೆ ಆ ದೇಶದ ಮೊಹರು ಬಿದ್ದ ದೃಢೀಕೃತ ನಕಲು ಬೇಕು.

ಅದನ್ನು ತರಿಸಲು ಎರಡು ತಿಂಗಳು ಹಿಡಿಯಿತು. ಬಂತು ನೋಡಿ, ಏನು ಕಾಗದ ಅದು! ಮೊಹರು ಉಬ್ಬಿಕೊಂಡಿತ್ತು. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಕಿರೀಟ ಸಿಗುತ್ತಿತ್ತು. ಮಗಳಿಗೆ ಡ್ಯೂಟಿ ಇತ್ತು. ಲಾಯರಮ್ಮನಿಗೆ ತಲುಪಿಸುವ ಜವಾಬ್ದಾರಿ ನನ್ನದಾಯಿತು.

ಇಷ್ಟು ದೂರದಿಂದ ಬಂದ ಕಾಗದ, ಬರಿಗೈಲಿ ಹಿಡಿದುಕೊಂಡು ಹೋಗುವುದೇ? ಬೆವರು ತಾಗಿದರೆ? ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಗೆ ಹೋಗಿ ಎರಡೂ ಬದಿ ಲ್ಯಾಮಿನೇಷನ್ ಮಾಡಿಸಿದೆ. ತೆಳ್ಳಗಿನದಲ್ಲ, ಗಟ್ಟಿ ಪ್ಲಾಸ್ಟಿಕ್ಕು. ನನ್ನ ರೇಷನ್ ಕಾರ್ಡು, ನನ್ನ ಪಿಂಚಣಿ ಪುಸ್ತಕ, ನನ್ನ ಹೆಂಡತಿಯ ಓಟಿನ ಚೀಟಿ, ಎಲ್ಲವನ್ನೂ ಹಾಗೇ ಮಾಡಿಸಿ ಇಟ್ಟವನು ನಾನು. ಒಂದಕ್ಕೂ ಇವತ್ತಿನವರೆಗೆ ಒಂದು ಮಡಿಕೆ ಬಿದ್ದಿಲ್ಲ.

ಅದನ್ನು ನೋಡಿ ಲಾಯರಮ್ಮ ಗೋಡೆ ಹಿಡಿದುಕೊಂಡರು. ನಾನೇ ಧೈರ್ಯವಾಗಿ ಕೋರ್ಟಿನ ಆಫೀಸಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಉಗುರಿನಿಂದ ಟಕಟಕ ಅಂತ ಬಡಿದು ನೋಡಿದರು.

“ಏನ್ರೀ ಇದು? ನಾನು ದಾಖಲೆ ನಂಬರು ಎಲ್ಲಿ ಹಾಕಲಿ? ಸೀಲು ಎಲ್ಲಿ ಒತ್ತಲಿ? ಇಂಕೇ ನಿಲ್ಲಲ್ಲ. ಈ ಉಬ್ಬು ಮೊಹರು ಅಸಲಿಯೋ ನಕಲಿಯೋ ಹೆಂಗೆ ಮುಟ್ಟಿ ನೋಡಲಿ?”

“ಗಟ್ಟಿಯಾಗಿದೆ ಸ್ವಾಮಿ. ಬೇಕಾದ್ರೆ ಕಾವೇರಿಲಿ ಮುಳುಗಿಸಿ, ಒಂದು ಹನಿ ಒಳಗೆ ಹೋಗಲ್ಲ.”

“ಮುಳುಗೋದು ಕಾಗದ ಅಲ್ಲ ಯಜಮಾನರೇ, ಕೇಸು.”

ಪ್ಲಾಸ್ಟಿಕ್ಕು ಬಿಚ್ಚಲು ಹೋದರೆ ಕಿರೀಟವೇ ಅರ್ಧ ಕಿತ್ತು ಬಂತು. ಮತ್ತೆ ಇಂಗ್ಲೆಂಡಿಗೆ ಬರೆದು, ಮತ್ತೆ ಎರಡು ತಿಂಗಳು. ಹಳೆಯದನ್ನು ನಾನು ಬಿಸಾಡಲಿಲ್ಲ, ನನ್ನ ಹೆಂಡತಿ ಬಿಸಾಡಗೊಡಲಿಲ್ಲ. ಎಣ್ಣೆ ಸವರಿದರೆ ಕಣಕ ಒಂದಿಷ್ಟೂ ಅಂಟುವುದಿಲ್ಲವಂತೆ. ಇಂಗ್ಲೆಂಡಿನ ರಾಜಮುದ್ರೆಯ ಮೇಲೆ ಒಬ್ಬಟ್ಟು ತಟ್ಟುವ ಹೆಂಗಸು ಇಡೀ ಮೈಸೂರಿನಲ್ಲಿ ಅವಳೊಬ್ಬಳೇ.

ಓಡಿದರೆ ಮಾತ್ರ ಪ್ರತಿವಾದಿ

ಕೇಸು ದಾಖಲಾಯಿತು. ಪ್ರತಿವಾದಿಗೆ ನೋಟಿಸು ಹೊರಟಿತು. ನೋಟಿಸು ತೆಗೆದುಕೊಂಡು ಹೋಗುವವರನ್ನು ಅಮೀನರು ಅನ್ನುತ್ತಾರೆ. ಈ ಅಮೀನರು ನನ್ನ ಕಾಲದಿಂದಲೂ ಇದ್ದವರು, ನಿವೃತ್ತಿಗೆ ಹತ್ತಿರವಾದವರು. ಅವರ ಜೀವಮಾನದಲ್ಲಿ ಅವರನ್ನು ಕಂಡು ಹಿತ್ತಿಲಿನಿಂದ ಓಡಿದವರುಂಟು, ಹಾವು ಬಿಟ್ಟವರುಂಟು, ಸತ್ತಂತೆ ಮಲಗಿ ಹೆಂಡತಿಯ ಕೈಲಿ ಅಳಿಸಿದವರುಂಟು.

ಅವರು ಮೆಸ್ಸಿಗೆ ಹೋದರು. ನಮ್ಮ ಹಳೇ ಅಳಿಯ ದೋಸೆ ಹುಯ್ಯುತ್ತಿದ್ದವನು ಕೈ ಒರೆಸಿಕೊಂಡು ಓಡಿಬಂದ. “ಅಮೀನ್‌ರಾ? ಬನ್ನಿ ಸಾರ್, ನಿಮ್ಮನ್ನೇ ಕಾಯ್ತಿದ್ದೆ. ಕೊಡಿ ನೋಟಿಸು. ಎಲ್ಲಿ ಸಹಿ ಹಾಕ್ಲಿ?”

ಅಮೀನರು ಎರಡು ಹೆಜ್ಜೆ ಹಿಂದೆ ಸರಿದರು. “ಯಾರ್ರೀ ನೀವು?”

“ನಾನೇ ಸಾರ್ ಪ್ರತಿವಾದಿ.”

“ನೀವು ಪ್ರತಿವಾದಿನಾ? ನಗ್ತಾ ಇದೀರಲ್ರೀ?”

“ಮಸಾಲೆ ದೋಸೆ ಹಾಕ್ಲಾ ಸಾರ್?”

ಅಮೀನರು ನೋಟಿಸನ್ನು ಚೀಲದೊಳಗೆ ಭದ್ರವಾಗಿ ಇಟ್ಟುಕೊಂಡು ವಾಪಸು ಬಂದುಬಿಟ್ಟರು. ವರದಿಯಲ್ಲಿ ಬರೆದದ್ದನ್ನು ನಾನೇ ಕಣ್ಣಾರೆ ಓದಿದೆ: ‘ಪ್ರತಿವಾದಿ ಎಂದು ಹೇಳಿಕೊಂಡ ವ್ಯಕ್ತಿಯು ನೋಟಿಸು ಪಡೆಯಲು ಅತಿಯಾದ ಉತ್ಸಾಹ ತೋರಿದ್ದರಿಂದ ಅನುಮಾನಗೊಂಡು ಹಿಂತಿರುಗಿಸಿದೆ.’

ಕೇಸು ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ನಾನು ಮೆಸ್ಸಿಗೆ ಹೋಗಿ ಅಳಿಯನಿಗೆ ಬುದ್ಧಿ ಹೇಳಿದೆ. ಅವನು ಈಗಲೂ ನನ್ನನ್ನು ಮಾವ ಅಂತಲೇ ಕರೆಯುವುದು. “ಅಲ್ಲ ಕಣಯ್ಯ, ಒಂದು ಮರ್ಯಾದೆ ಬ್ಯಾಡ್ವಾ? ಮುಂದಿನ ಸಲ ಬಂದಾಗ ಸ್ವಲ್ಪ ಓಡು.”

“ಎಲ್ಲಿಗೆ ಓಡ್ಲಿ ಮಾವ, ಒಲೆ ಮೇಲೆ ಸಾಂಬಾರಿರತ್ತೆ.”

“ಹೆಚ್ಚು ಬ್ಯಾಡ. ಈರುಳ್ಳಿ ಮೂಟೆ ತನಕ ಸಾಕು.”

ಎರಡನೆಯ ಸಲ ಅಮೀನರನ್ನು ಕಂಡದ್ದೇ ಅವನು ಸೌಟು ಬಿಸಾಕಿ ಈರುಳ್ಳಿ ಮೂಟೆಯ ಹಿಂದೆ ಕೂತ. ಅಮೀನರ ಮುಖ ಅರಳಿಹೋಯಿತಂತೆ. “ಹಾಂ, ಈಗ ಸಿಕ್ಕಿದ ನೋಡಿ ಅಸಲು ಪ್ರತಿವಾದಿ!” ಅಂತ ಮೂಟೆ ಸುತ್ತಿ ಹೋಗಿ ಕೊರಳಪಟ್ಟಿ ಹಿಡಿದು ನೋಟಿಸು ಕೊಟ್ಟರು. ದೋಸೆಯನ್ನು ಆಮೇಲೆ ತಿಂದರು.

ಜಗಳದ ಪಾಠ

ಕುಟುಂಬ ನ್ಯಾಯಾಲಯದ ಪದ್ಧತಿ ನಿಮಗೆ ಗೊತ್ತಿರಬೇಕು. ಗಂಡ ಹೆಂಡಿರ ಕೇಸು ಅಂದರೆ ಮೊದಲು ಒಂದು ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸಲು ನೋಡುತ್ತಾರೆ. “ಇವರು ಬಿಟ್ಟು ಎರಡು ವರ್ಷ ಆಯ್ತಲ್ಲ, ಇನ್ನೇನು ರಾಜಿ?” ಅಂತ ಲಾಯರಮ್ಮ ಹೇಳಿನೋಡಿದರು. ಬಿಟ್ಟಿದ್ದಾರೋ ಇಲ್ಲವೋ ಅನ್ನುವುದೇ ಕೇಸಲ್ಲವೇ, ಹೋಗಿ ಕೂರಲಿ ಅಂದರು ಸಾಹೇಬರು.

ಸಮಾಲೋಚಕಿ ವಯಸ್ಸಾದ ಹೆಂಗಸು, ತಾಯಿ ಕರುಳು. ಇವರಿಬ್ಬರೂ ಒಳಗೆ ಹೋಗಿ ಕೂತರು. ನಾನು ಕಿಟಕಿಯ ಹತ್ತಿರ. ನನ್ನ ಮಗಳು ಮಧ್ಯಾಹ್ನ ಊಟ ಮಾಡಿರಲಿಲ್ಲ ಅಂತ ಅವನು ಮೆಸ್ಸಿನಿಂದ ಡಬ್ಬಿ ತಂದಿದ್ದ. ಇವಳು ಮುಚ್ಚಳ ತೆಗೆದು, “ರೀ, ಚಟ್ನಿಗೆ ಹುಣಸೆಹಣ್ಣು ಮುಂದಾಗಿದೆ” ಅಂದಳು. ಅವನು, “ಹೌದೇನೇ? ಕೊಡು ನೋಡೋಣ” ಅಂತ ಅದೇ ಡಬ್ಬಿಯಿಂದ ಬೆರಳಲ್ಲಿ ನೆಕ್ಕಿದ.

ಸಮಾಲೋಚಕಿಯ ಕಣ್ಣಲ್ಲಿ ನೀರು. ‘ಹೊಂದಾಣಿಕೆಯ ಸಾಧ್ಯತೆ ಬಹಳವಾಗಿ ಕಂಡುಬರುತ್ತದೆ’ ಅಂತ ಬರೆದು ಮೂರು ತಿಂಗಳು ಕಾಲಾವಕಾಶ ಕೊಟ್ಟುಬಿಟ್ಟರು.

ಲಾಯರಮ್ಮ ತಲೆ ಚಚ್ಚಿಕೊಂಡರು. “ಮುಂದಿನ ಸಲ ದಯವಿಟ್ಟು ದೂರ ಕೂತ್ಕೊಳ್ಳಿ. ಒಂಚೂರು ಮುಖ ಗಂಟಿಕ್ಕಿ.”

ನಾನು ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಒಂದು ಭಾನುವಾರ ಪೂರ್ತಿ ಜಗಳದ ಪಾಠ ಹೇಳಿಕೊಟ್ಟೆ. ಮೂವತ್ತೆರಡು ವರ್ಷದಲ್ಲಿ ಕೇಳಿದ ಅಷ್ಟೂ ಜಗಳ ನನ್ನ ನಾಲಿಗೆಯ ತುದಿಯಲ್ಲಿದ್ದವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಅಲ್ಲಿ ಕಲಿತದ್ದಲ್ಲ ಕಣಪ್ಪ, ಇಲ್ಲೇ ಅಭ್ಯಾಸ ಮಾಡಿದ್ದು” ಅಂತ ನಡುವೆ ಒಗ್ಗರಣೆ ಹಾಕುತ್ತಿದ್ದಳು.

ಆ ದಿನ ಬಂತು. ಅಳಿಯ ಹುಬ್ಬು ಗಂಟಿಕ್ಕಿ ಶುರುಮಾಡಿದ. “ಇವಳು ಒಂದು ದಿನಾನೂ ನನಗೆ ಬಿಸಿ ಊಟ ಹಾಕಲಿಲ್ಲ ಮೇಡಂ.”

“ಅಡುಗೆ ಮಾಡ್ತಿದ್ದಿದ್ದು ನೀವೇ ಅಲ್ವೇನ್ರೀ?” ಅಂದಳು ಇವಳು.

“ಹೌದಲ್ಲ” ಅಂದ ಅವನು. ಇಬ್ಬರೂ ಕಿಸಕ್ಕನೆ ನಕ್ಕರು.

ಸಮಾಲೋಚಕಿ ಪೆನ್ನು ಕೆಳಗಿಟ್ಟು ಕೇಳಿದರು. “ನಿಜ ಹೇಳಮ್ಮ. ಇಷ್ಟು ಚೆನ್ನಾಗಿದೀರಲ್ಲ, ಯಾಕೆ ಬಿಟ್ರಿ?”

ಮಗಳ ನಗು ನಿಂತಿತು. “ಬಿಟ್ಟಿದ್ದಕ್ಕೇ ಮೇಡಂ ಚೆನ್ನಾಗಿರೋದು. ಒಟ್ಟಿಗಿದ್ದಾಗ ನಮಗೆ ಒಬ್ಬರ ಮುಖ ಒಬ್ಬರಿಗೆ ಮರೆತುಹೋಗಿತ್ತು. ಈಗ ನನಗೂ ಒಂದು ಮನೆ ಆಗಬೇಕು, ಇವರಿಗೂ ಆಗಬೇಕು. ನೀವು ಬರೆದುಕೊಟ್ರೆ ಆಗತ್ತೆ.”

ಆ ತಾಯಿ ಪೆನ್ನು ಎತ್ತಿಕೊಂಡು ‘ರಾಜಿ ಸಾಧ್ಯವಿಲ್ಲ’ ಅಂತ ಬರೆದರು. ಬರೆದು ಮುಗಿಸಿ, ಡಬ್ಬಿಯ ಕಡೆ ನೋಡಿ, “ಇವತ್ತೇನು ತಂದಿದೀಯಪ್ಪ?” ಅಂದರು.

ನನ್ನ ಕೂಗು

ಇದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಬರೆಯದಿದ್ದರೆ ನನ್ನ ಹೆಂಡತಿ ಬರೆಸದೆ ಬಿಡುವುದಿಲ್ಲ.

ಸಾಕ್ಷಿ ಹೇಳುವ ದಿನ. ಅವತ್ತು ಇಬ್ಬರೂ ಸಾಹೇಬರ ಮುಂದೆ ಹೌದು ಅಂದರೆ ಮುಗಿಯಿತು. ನಮ್ಮ ಸರದಿ ಇನ್ನೂ ದೂರವಿದೆ ಅಂತ ಲಾಯರಮ್ಮ ಪಕ್ಕದ ಕೋರ್ಟಿಗೆ ಹೋದರು. ನಾನು ಮಗಳನ್ನೂ ಅಳಿಯನನ್ನೂ ಹೊರಗೆ ಟೀ ಅಂಗಡಿಗೆ ಕರೆದುಕೊಂಡು ಬಂದೆ.

“ಅಪ್ಪ, ಬಾಗಿಲಲ್ಲೇ ನಿಲ್ಲೋಣ ಕಣಪ್ಪ” ಅಂದಳು ಮಗಳು.

“ಬುಡಮ್ಮ. ಕೂಗೋದು ಅಂದ್ರೆ ಏನು ಅಂತ ನಂಗೊತ್ತಿಲ್ವಾ? ಕೂಗಿದ್ರೆ ಕೇಳ್ಸತ್ತೆ.”

ಟೀ ಅಂಗಡಿಯಲ್ಲಿ ನಾಲ್ಕು ಜನ ಹೊಸ ವಕೀಲರು ಕೂತಿದ್ದರು. ಅವರಿಗೆ ನನ್ನ ಕಾಲದ ಕೂಗಿನ ವಿಚಾರ ಹೇಳದೆ ಇರಲಾದೀತೇ? ಒಬ್ಬ ಸಾಲಗಾರ ತಪ್ಪಿಸಿಕೊಂಡು ಶ್ರೀರಂಗಪಟ್ಟಣದಲ್ಲಿ ಹೊಳೆಗಿಳಿದು ಸ್ನಾನ ಮಾಡುತ್ತಿದ್ದನಂತೆ. ನಾನು ಇಲ್ಲಿ ಬಾಗಿಲಲ್ಲಿ ನಿಂತು ಅವನ ಹೆಸರನ್ನು ಎರಡು ಸಲ ಕೂಗಿದೆ. ಎರಡೇ ಸಲ. ಮೂರನೆಯ ಕೂಗಿಗೆ ಮುಂಚೆ ಒದ್ದೆ ಪಂಚೆಯಲ್ಲೇ ಬಂದು ಸಾಹೇಬರ ಮುಂದೆ ಕೈಮುಗಿದು ನಿಂತಿದ್ದ. ಇದು ಸುಳ್ಳಲ್ಲ. ನೀರು ತೊಟ್ಟಿಕ್ಕಿದ್ದನ್ನು ಒರೆಸಿದವನೇ ನಾನು.

“ಆಗ ನನ್ನ ಗಂಟಲು ಹೆಂಗಿತ್ತು ಅಂದ್ರೆ” ಅಂತ ನಾನು ಎದ್ದು ನಿಂತು, ಕಿವಿಗೆ ಕೈ ಇಟ್ಟು, ಆ ಸಾಲಗಾರನ ಹೆಸರನ್ನು ಕೂಗಿ ತೋರಿಸಿದೆ. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ವಕೀಲರು ಚಪ್ಪಾಳೆ ತಟ್ಟಿದರು. ಇನ್ನೊಂದು ಸಲ ಅಂದರು. ಇನ್ನೆರಡು ಸಲ ಕೂಗಿದೆ.

ಟೀ ಮುಗಿಸಿ ಒಳಗೆ ಹೋದರೆ ಲಾಯರಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ. ನಮಗಿಂತ ಮೊದಲಿನ ನಾಲ್ಕು ಕೇಸಿನವರು ಬಂದಿರಲಿಲ್ಲವಂತೆ. ನಮ್ಮ ಕೇಸನ್ನು ಕೂಗಿದರಂತೆ. ಮೂರು ಸಲ. ಯಾರೂ ಬರಲಿಲ್ಲ. ವಾದಿ ಗೈರುಹಾಜರು ಅಂತ ಕೇಸು ವಜಾ.

ಈಗಿನ ದಲಾಯತ, ಪಾಪ, ಒಳ್ಳೆಯ ಮನುಷ್ಯ. ನನ್ನ ಹತ್ತಿರ ಬಂದು, “ನಾನು ಜೋರಾಗೇ ಕೂಗ್ದೆ ಅಣ್ಣ. ಆಚೆ ಯಾರೋ ಒಬ್ಬ ಏನೋ ಬಾಯಿ ಬಡ್ಕೊಂತಾ ಇದ್ದ ನೋಡಿ, ನನ್ನ ದನಿ ನನಗೇ ಕೇಳಿಸ್ಲಿಲ್ಲ” ಅಂದ.

ಕೇಸನ್ನು ಮತ್ತೆ ಎತ್ತಿಸಲು ಅರ್ಜಿ ಹಾಕಿ ಐದು ತಿಂಗಳು ಹೋಯಿತು. ಜಯಲಕ್ಷ್ಮಿಪುರಂ ಅಕ್ಕ ಫೋನು ಮಾಡಿ, “ಯುಗಾದಿಯೊಳಗೆ ಆದ್ರೆ ಸರಿ. ಇಲ್ಲ ಅಂದ್ರೆ ನನ್ನ ತಮ್ಮನಿಗೂ ವಯಸ್ಸು ನಿಲ್ಲಲ್ಲ ಯಜಮಾನರೇ, ಬೇರೆ ಕಡೆ ನೋಡ್ತೀನಿ” ಅಂದುಬಿಟ್ಟರು. ಮಗಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಒಂದು ವಾರ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಹೆಂಡತಿ ಮಾತ್ರ ತಟ್ಟೆ ತೆಗೆಯುತ್ತಾ, “ಸದ್ಯ ಆ ಗಂಟಲು ಹಿಂಗಾದ್ರೂ ಸುಮ್ಮನಾಯ್ತಲ್ಲ” ಅಂದಳು.

ಸಹಿ

ಯುಗಾದಿಗೆ ಹದಿನೆಂಟು ದಿನ ಇರುವಾಗ ನಮ್ಮ ಕೇಸು ಮತ್ತೆ ಬಂತು. ಈ ಸಲ ನಾನು ಬಾಗಿಲಿಗೆ ಬೆನ್ನು ಕೊಟ್ಟು ಬೆಳಿಗ್ಗೆಯಿಂದ ನಿಂತಿದ್ದೆ, ನೀರೂ ಕುಡಿಯಲಿಲ್ಲ. ಸಾಹೇಬರು ಹಳೇ ಅಳಿಯನನ್ನು ಕೇಳಿದರು. “ನಿಮ್ಮ ತಕರಾರು ಏನು?”

“ಏನೂ ಇಲ್ಲ ಸ್ವಾಮಿ.”

“ಮತ್ತೆ ಪ್ರತಿವಾದಿ ಯಾಕೆ ಆದ್ರಿ?”

“ಇವರೇ ಮಾಡಿದ್ದು ಸ್ವಾಮಿ. ನಾನು ಬೇಡ ಅನ್ನಲಿಲ್ಲ.”

ಒಂದು ವಾರಕ್ಕೆ ತೀರ್ಪು ಬಂತು. ಇಂಗ್ಲೆಂಡಿನ ಡಿಕ್ರಿ ಇಲ್ಲಿಯೂ ಸಲ್ಲುತ್ತದೆ. ಒಂದೇ ಹಾಳೆಯನ್ನು ಒಪ್ಪಲು ಹನ್ನೊಂದು ಪುಟ. ನನಗೆ ಈಗ ಸಮಾಧಾನವಾಯಿತು.

ಜಯಲಕ್ಷ್ಮಿಪುರಂ ಅಕ್ಕ ಹನ್ನೊಂದು ಪುಟವನ್ನೂ ಬೆರಳಿಟ್ಟು ಓದಿ ತಾಳಿ ಮಾಡಿಸಿದರು. ಯುಗಾದಿಗೆ ಮೂರು ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ ದೇವಸ್ಥಾನದಲ್ಲಿ ಮದುವೆ. ಅಲ್ಲಿಂದ ಎಲ್ಲರೂ ನೇರವಾಗಿ ಮದುವೆ ನೋಂದಣಿ ಆಫೀಸಿಗೆ. ಅಕ್ಕನ ಹಠ: “ಇವತ್ತೇ ದಾಖಲಾಗಬೇಕು. ಈ ಮನೆಯ ಕಾಗದದ ವಿಚಾರ ನಾಳೆಗೆ ಇಡೋ ಧೈರ್ಯ ನನಗಿಲ್ಲ.”

ಮೂರು ಜನ ಸಾಕ್ಷಿ ಬೇಕು. ನಾನೊಬ್ಬ, ಅಕ್ಕ ಒಬ್ಬರು. ಮೂರನೆಯವರು ಮದುಮಗನ ಸ್ನೇಹಿತರು, ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿ ಬಿದ್ದು ಬರಲಿಲ್ಲ. ಅಧಿಕಾರಿಗಳು ಗಡಿಯಾರ ನೋಡಿ, “ಊಟದ ಹೊತ್ತಾಯ್ತು. ಬೇಗ ಯಾರನ್ನಾದ್ರೂ ಕರೀರಿ” ಅಂದರು. ಅದೇ ಹೊತ್ತಿಗೆ ಹೊರಗೆ ಸ್ಕೂಟರಿನ ಮೇಲೆ ಬಿಸಿಬೇಳೆ ಬಾತಿನ ಡಬರಿ ಕಟ್ಟಿಕೊಂಡು ಹಳೇ ಅಳಿಯ ಬಂದ. ಮದುವೆ ಊಟ ಅವನ ಮೆಸ್ಸಿನದೇ. ಇನ್ಯಾರದು ಆಗಬೇಕು?

“ಬಾರಯ್ಯ, ಒಂದು ಸಹಿ ಹಾಕ್ಬುಡು” ಅಂತ ಒಳಗೆ ಎಳೆದುಕೊಂಡು ಬಂದೆ.

ಅಧಿಕಾರಿಗಳು ತೀರ್ಪು ತಿರುವಿ ಹಾಕುತ್ತಾ, “ಎಲ್ಲ ಸರಿ. ಆದ್ರೆ ಈ ಹಿಂದಿನ ಗಂಡ ನಾಳೆ ಬಂದು ಇಲ್ಲಿ ಗಲಾಟೆ ಮಾಡಲ್ಲ ತಾನೇ?” ಅಂದರು.

“ಮಾಡಲ್ಲ ಸಾರ್” ಅಂದ ಅಳಿಯ.

“ನೀವು ಹೆಂಗ್ರೀ ಹೇಳ್ತೀರಾ?”

“ನಾನೇ ಸಾರ್ ಅದು.”

ಅಧಿಕಾರಿಗಳು ಅವನನ್ನು ನೋಡಿದರು, ಅಕ್ಷತೆ ಹೊತ್ತು ಕೂತಿದ್ದ ಮದುಮಗನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಫಾರಂ ಮುಂದಕ್ಕೆ ತಳ್ಳಿದರು. ಮಗಳು ತನ್ನ ಜಾಗದಲ್ಲಿ ಸಹಿ ಹಾಕಿ ಪೆನ್ನು ಪಕ್ಕಕ್ಕೆ ಕೊಟ್ಟಳು. ಪಕ್ಕದಲ್ಲಿ ನಿಂತಿದ್ದವನು ಹಳೇ ಅಳಿಯ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ವಕಾಲತ್ತು, ಪ್ರಮಾಣಪತ್ರ, ಅರ್ಜಿ, ಮರು ಅರ್ಜಿ, ಎರಡೂವರೆ ವರ್ಷ ಅವಳು ಸಹಿ ಹಾಕಿ ಪೆನ್ನು ಕೊಟ್ಟರೆ ಪಕ್ಕದಲ್ಲಿ ಅವನು ಹಾಕಿದವನು. ಕಣ್ಣು ಡಬರಿಯ ಮೇಲಿತ್ತು, ಕೈ ತನ್ನಷ್ಟಕ್ಕೆ ಹೋಯಿತು. ಅವಳ ಸಹಿಯ ಪಕ್ಕದಲ್ಲೇ ಉದ್ದಕ್ಕೆ ಎಳೆದು, ಕೆಳಗೆ ಎರಡು ಚುಕ್ಕಿಯನ್ನೂ ಇಟ್ಟುಬಿಟ್ಟ.

ಅಧಿಕಾರಿಗಳು ಫಾರಂ ಎತ್ತಿ ಹಿಡಿದರು. ‘ವರ’ ಅನ್ನುವ ಕಡೆ ಹೊಸ ಅಳಿಯನ ಫೋಟೋ, ಅದರ ಕೆಳಗೆ ಹಳೇ ಅಳಿಯನ ಸಹಿ.

ಅಕ್ಕ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. “ಇದಕ್ಕೆ ನಾನು ಸೀಲು ಹೊಡೆದಿದ್ರೆ, ಮತ್ತೆ ನೀವು ಮೊದಲಿಂದ ಶುರುಮಾಡಬೇಕಿತ್ತಲ್ರೀ” ಅಂದರು ಅಧಿಕಾರಿಗಳು.

ಆಗ ನಮ್ಮ ಹೊಸ ಅಳಿಯ, ಯಾರಿಗೂ ತೊಂದರೆ ಆಗಬಾರದು ಅನ್ನುವ ಸಾಧು ಮನುಷ್ಯ, ಜೇಬಿನಿಂದ ತನ್ನ ಪೆನ್ನು ತೆಗೆದು ಮೆಲ್ಲಗೆ ಕೇಳಿದರು.

“ಪರವಾಗಿಲ್ಲ ಸಾರ್. ಅವರು ಹಾಕಾಗಿದೆಯಲ್ಲ, ನಾನು ಸಾಕ್ಷಿ ಜಾಗದಲ್ಲಿ ಹಾಕ್ಲಾ?”

ನನ್ನ ಮಗಳು ಎದ್ದು ಇಬ್ಬರ ಕೈಯಿಂದಲೂ ಪೆನ್ನು ಕಿತ್ತುಕೊಂಡಳು.

“ಅಪ್ಪ, ಹೊಸ ಫಾರಂ ಈಸ್ಕೊಂಬಾ. ನಾನು ಬೆರಳಿಟ್ಟು ತೋರಿಸೋವರೆಗೂ ಈ ಇಬ್ಬರಿಗೂ ಯಾರೂ ಪೆನ್ನು ಕೊಡಬ್ಯಾಡಿ!”